ಊರ ಮಕ್ಕಳ ಆಟದ ಸುದ್ದಿಗೆ ಚಂದಾ: ಹಾಕಿ ನಾಡಿನಿಂದ ಹಂದನಕೆರೆವರೆಗೆ

ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಗೆದ್ದ ತಂಡದ ಸುದ್ದಿ ಎಲ್ಲಿ ಬರುತ್ತದೆ? ಬಂದರೆ ಜಿಲ್ಲಾ ಪುಟದ ಕೆಳಮೂಲೆಯಲ್ಲಿ, ಫೋಟೊದಲ್ಲಿ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಅಧ್ಯಕ್ಷರು, ಗ್ರಾಮ ಪಂಚಾಯಿತಿ ಸದಸ್ಯರು ನಿಂತು ಮಿಕ್ಕ ಜಾಗದಲ್ಲಿ ಮಕ್ಕಳು. ಯಾರು ಎಷ್ಟು ಪಾಯಿಂಟ್ ಗಳಿಸಿದರು, ಎದುರಾಳಿ ಯಾವ ಶಾಲೆ, ಅಂತರ ಎಷ್ಟು ಎಂಬುದು ಇರುವುದಿಲ್ಲ. ಈ ಖಾಲಿ ಜಾಗವನ್ನು ತುಂಬಲು ಕೆಲವು ದೇಶಗಳಲ್ಲಿ ಬಾಲಕ ಬಾಲಕಿಯರ ಆಟಕ್ಕೇ ಮೀಸಲಾದ ಸುದ್ದಿತಾಣಗಳು ಹುಟ್ಟಿಕೊಂಡಿವೆ. ಅವು ಜಾಹೀರಾತನ್ನಷ್ಟೇ ನೆಚ್ಚಿಕೊಳ್ಳದೆ ಓದುಗರಿಂದ ನೇರವಾಗಿ ಹಣ ಪಡೆಯುತ್ತವೆ. ಈ ವ್ಯವಸ್ಥೆ ಹೇಗೆ ನಡೆಯುತ್ತದೆ, ನಮ್ಮ ತೆಂಗಿನ ಸೀಮೆಯಲ್ಲಿ ನಡೆದೀತೇ ಎಂಬುದರ ಪರಿಚಯ ಇಲ್ಲಿದೆ.

ಚಂದಾ, ಸದಸ್ಯತ್ವ, ದೇಣಿಗೆ

ಓದುಗರು ಕೊಡುವ ಹಣ ಮೂರು ಬಗೆಯದು. ಹಣ ಕಟ್ಟಿದವರಿಗೆ ಮಾತ್ರ ಪುಟ ತೆರೆದುಕೊಂಡರೆ ಅದು ಚಂದಾ. ಈ ತಡೆಗೆ ಪೇವಾಲ್ ಎನ್ನುತ್ತಾರೆ. ಪುಟ ಎಲ್ಲರಿಗೂ ತೆರೆದಿದ್ದು, ಕೆಲಸ ನಿಲ್ಲದಿರಲೆಂದು ಕೆಲವರು ವರ್ಷಕ್ಕಿಷ್ಟು ಎಂದು ಕಟ್ಟಿದರೆ ಅದು ಸದಸ್ಯತ್ವ. ಪ್ರತಿಫಲ ಬಯಸದೆ ಒಮ್ಮೆ ಕೊಟ್ಟು ಸುಮ್ಮನಾದರೆ ದೇಣಿಗೆ. ಮೂರರಲ್ಲೂ ದುಡ್ಡು ಹೋಗುವುದು ಒಂದೇ ಜೇಬಿಗೆ ಎನಿಸಿದರೂ ಲೆಕ್ಕಪತ್ರದಲ್ಲಿ, ತೆರಿಗೆಯಲ್ಲಿ, ಕಾನೂನಿನಲ್ಲಿ ಇವು ಬೇರೆ ಬೇರೆ.

ಕ್ರೀಡಾ ಸುದ್ದಿಯನ್ನು ಚಂದಾದ ಮೇಲೆ ನಡೆಸಿದ ದೊಡ್ಡ ಹೆಸರು ಅಮೆರಿಕದ ‘ದಿ ಅಥ್ಲೆಟಿಕ್’. 2016ರಲ್ಲಿ ಶುರುವಾದ ಅದು ಊರೂರಿನ ತಂಡಗಳಿಗೆ ಪ್ರತ್ಯೇಕ ವರದಿಗಾರರನ್ನು ಇಟ್ಟಿತು. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು 55 ಕೋಟಿ ಡಾಲರಿಗೆ ಕೊಂಡಾಗ ಸುಮಾರು 12 ಲಕ್ಷ ಚಂದಾದಾರರಿದ್ದರು. ಆದರೂ ಅದು ನಷ್ಟದಲ್ಲೇ ಇತ್ತು. ಅದು ವೃತ್ತಿಪರ ಆಟದ ಮಾತು. ಮಕ್ಕಳ ಆಟಕ್ಕೆ ಓದುಗರು ಬೇಕೆಂದರೆ ಅಮೆರಿಕದ ಮಿನ್ನೆಸೋಟ ರಾಜ್ಯದಂಥ ನೆಲ ಬೇಕು. ಅಲ್ಲಿನ ಹೈಸ್ಕೂಲ್ ಐಸ್ ಹಾಕಿ ಪಂದ್ಯಾವಳಿ 1945ರಿಂದ ನಡೆಯುತ್ತಿದೆ. ತಾತ, ಅಪ್ಪ, ಮಗ ಮೂವರೂ ಒಂದೇ ಶಾಲೆಗೆ ಆಡಿದ ಮನೆಗಳಿರುವಲ್ಲಿ ಹದಿನೈದರ ಹುಡುಗನ ಗೋಲೂ ಸುದ್ದಿಯೇ.

ಭಾರತದಲ್ಲಿ ಹಾಕಿಗೆಂದೇ ಸುದ್ದಿತಾಣ ಕಟ್ಟಿದವರಲ್ಲಿ ಕೆ. ಆರುಮುಗಂ ಮುಖ್ಯರು. ವೃತ್ತಿಯಿಂದ ಎಂಜಿನಿಯರ್ ಆದ ಅವರು ಹಾಕಿಯ ಇತಿಹಾಸಕಾರರೂ ಹೌದು. ‘ಸ್ಟಿಕ್ ಟು ಹಾಕಿ’ ಎಂಬ ತಾಣದ ಜೊತೆಗೆ ‘ಒನ್ ಥೌಸಂಡ್ ಹಾಕಿ ಲೆಗ್ಸ್’ ಎಂಬ ಯೋಜನೆಯಿಂದ ಸರ್ಕಾರಿ ಶಾಲೆಯ ಮಕ್ಕಳ ಕೈಗೂ ಕೋಲು ಕೊಟ್ಟರು. ನಮ್ಮಲ್ಲಿ ಇಂಥ ಕೆಲಸ ಬಹುಮಟ್ಟಿಗೆ ಒಬ್ಬರ ಹುಚ್ಚಿನ ಮೇಲೆ ನಿಂತಿರುತ್ತದೆ. ಅದೇ ಅದರ ಬಲ, ಅದೇ ಅಪಾಯ.

ಕನ್ನಡ ಓದುಗರು ಕಟ್ಟಿ ಬೆಳೆಸಿದ್ದು

ಹಣ ಕಟ್ಟಿ ಓದುವುದು ಕನ್ನಡಿಗರಿಗೆ ಹೊಸದಲ್ಲ. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಎಂಬ ಪಾಕ್ಷಿಕವನ್ನು ಕಲ್ಲಚ್ಚಿನಲ್ಲಿ ಹೊರತಂದಂದಿನಿಂದ ಕನ್ನಡ ಪತ್ರಿಕೆಗಳ ಇತಿಹಾಸವೆಂದರೆ ಅರ್ಧ ಚಂದಾದಾರರ ಇತಿಹಾಸ. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಮೊದಲೇ ಚಂದಾ ಕಟ್ಟಿದವರಿಗೆ ಪುಸ್ತಕ ತಲುಪಿಸುವ ಕ್ರಮದಲ್ಲಿ ನಡೆಯಿತು; ಪುಸ್ತಕ ಕೈಗೆ ಬರುವ ಮುನ್ನವೇ ಓದುಗ ಅದರ ಮೇಲೆ ನಂಬಿಕೆ ಇಡುತ್ತಿದ್ದ. 1980ರಲ್ಲಿ ಪಿ. ಲಂಕೇಶ್ ವಾರಪತ್ರಿಕೆ ಶುರು ಮಾಡಿ ಜಾಹೀರಾತನ್ನೇ ಹಾಕದೆ ಮಾರಾಟದ ದುಡ್ಡಿನಲ್ಲಿ ಅದನ್ನು ನಡೆಸಿ ತೋರಿಸಿದರು. ಇಂದು ಇಂಗ್ಲಿಷಿನಲ್ಲಿ 2012ರ ‘ನ್ಯೂಸ್‌ಲಾಂಡ್ರಿ’ಯಂಥ ತಾಣಗಳು ಹೊಸ ಪ್ರಯೋಗ ಎಂದು ಹೇಳಿಕೊಳ್ಳುವುದರಲ್ಲಿ ಬಹುಪಾಲನ್ನು ನಮ್ಮವರು ಅಂಚೆ ಮತ್ತು ಬಸ್ಸಿನ ಕಾಲದಲ್ಲೇ ಮಾಡಿ ಮುಗಿಸಿದ್ದಾರೆ.

ಆಟದ ಸುದ್ದಿಗೆ ಮಾತ್ರ ಆ ಭಾಗ್ಯ ಬರಲಿಲ್ಲ. ಕಥೆ, ರಾಜಕೀಯ, ಧರ್ಮ, ಸಿನಿಮಾಕ್ಕೆ ಚಂದಾ ಕಟ್ಟಿದ ಓದುಗ ಊರ ಹುಡುಗರ ಪಂದ್ಯವನ್ನು ಪುಕ್ಕಟೆ ನೋಡುವುದಕ್ಕೇ ಒಗ್ಗಿಕೊಂಡಿದ್ದಾನೆ.

ಕೊಡಗಿನಲ್ಲಿ ಖರ್ಚು ಹೊರುವವರು ಯಾರು

ಕರ್ನಾಟಕದಲ್ಲಿ ಹಾಕಿಯನ್ನು ಮನೆಮಾತಾಗಿ ಮಾಡಿಕೊಂಡ ಜಿಲ್ಲೆ ಕೊಡಗು. ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಂ. ಎಂ. ಸೋಮಯ್ಯ, ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ಮತ್ತು ಎಸ್. ವಿ. ಸುನಿಲ್ ಎಲ್ಲರೂ ಆ ನೆಲದವರು. ಆದರೆ ನಮ್ಮ ವಿಷಯಕ್ಕೆ ಅವರಿಗಿಂತ ಮುಖ್ಯವಾದುದು ಕೊಡವ ಕುಟುಂಬಗಳ ಹಾಕಿ ಉತ್ಸವ.

ಬ್ಯಾಂಕ್ ನೌಕರರಾಗಿದ್ದ ಪಾಂಡಂಡ ಕುಟ್ಟಪ್ಪ 1997ರಲ್ಲಿ ಕರಡ ಗ್ರಾಮದಲ್ಲಿ ಇದನ್ನು ಆರಂಭಿಸಿದಾಗ ಬಂದದ್ದು 60 ಕುಟುಂಬ ತಂಡಗಳು. ನಿಯಮ ಸರಳ: ಒಂದು ತಂಡ ಎಂದರೆ ಒಂದೇ ಮನೆತನದ ಹೆಸರಿನವರು. ಪ್ರಾಥಮಿಕ ಶಾಲೆಯ ಮೊಮ್ಮಗ, ಕಾಲೇಜಿನ ಮಗಳು, ನಿವೃತ್ತ ಸೈನಿಕ ತಾತ ಒಂದೇ ಜೆರ್ಸಿ ತೊಟ್ಟು ಇಳಿಯಬಹುದು. ಪ್ರತಿವರ್ಷ ಒಂದು ಕುಟುಂಬ ಆತಿಥ್ಯ ವಹಿಸುತ್ತದೆ, ಕಪ್ಪಿಗೂ ಆ ಕುಟುಂಬದ ಹೆಸರೇ. 2018ರ ಮಳೆ ಅನಾಹುತ, ಬೆನ್ನಿಗೇ ಬಂದ ಕೋವಿಡ್‌ನಿಂದ ಕೆಲವು ವರ್ಷ ನಿಂತಿದ್ದ ಉತ್ಸವ 2023ರಲ್ಲಿ ನಾಪೋಕ್ಲುವಿನ ಅಪ್ಪಚೆಟ್ಟೋಳಂಡ ಕಪ್‌ನೊಂದಿಗೆ ಮರಳಿತು, ತಂಡಗಳು 336. ಮರುವರ್ಷ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳಾಗಿ ಗಿನ್ನೆಸ್ ದಾಖಲೆ ಸೇರಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396.

ಇಲ್ಲಿ ಗಮನಿಸಬೇಕಾದದ್ದು ದುಡ್ಡಿನ ಹರಿವು. ಸರ್ಕಾರದ ನೆರವಿದೆ, ಪ್ರಾಯೋಜಕರೂ ಇದ್ದಾರೆ. ಆದರೆ ಹೊಣೆ ಹೊರುವುದು ಆತಿಥೇಯ ಕುಟುಂಬ. ಮೈದಾನ ಸಜ್ಜುಗೊಳಿಸುವುದರಿಂದ ಹಿಡಿದು ಊಟದವರೆಗೆ ಮನೆತನದ ಪ್ರತಿಷ್ಠೆಯ ಪ್ರಶ್ನೆ. ಹಾಗಾಗಿ ಸುದ್ದಿಗೂ ಗಿರಾಕಿ ಮೊದಲೇ ಸಿದ್ಧ: ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವವರಿಗೆ ಬೇಕಾದದ್ದು ‘ಯಾವ ತಂಡ ಗೆದ್ದಿತು’ ಎಂಬುದಲ್ಲ, ‘ನಮ್ಮ ಮನೆಯವರು ಎಷ್ಟನೇ ಸುತ್ತಿಗೆ ಹೋದರು’ ಎಂಬುದು. ಬಿ. ಎಸ್. ಗೋಪಾಲಕೃಷ್ಣ 1957ರಲ್ಲಿ ಮಡಿಕೇರಿಯಲ್ಲಿ ಆರಂಭಿಸಿದ ‘ಶಕ್ತಿ’ ದಿನಪತ್ರಿಕೆ ಇಂದಿಗೂ ನಡೆಯುತ್ತಿದೆ. ರಾಜ್ಯಮಟ್ಟದ ಪತ್ರಿಕೆಗಳ ನಡುವೆ ಇಷ್ಟು ಪುಟ್ಟ ಜಿಲ್ಲೆಯ ಪತ್ರಿಕೆ ಬದುಕಿದೆ ಎಂದರೆ, ತಮ್ಮ ಊರಿನ ಹೆಸರು ಕಾಣುವ ಹಾಳೆಗೆ ಜನ ಕಾಸು ಬಿಚ್ಚುತ್ತಾರೆ ಎಂದೇ ಅರ್ಥ.

ಹಂದನಕೆರೆಯ ಲೆಕ್ಕ

ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಹಂದನಕೆರೆ ಒಂದು. ಮಿಕ್ಕವು ಕಸಬಾ, ಹುಳಿಯಾರು, ಕಂದಿಕೆರೆ, ಶೆಟ್ಟಿಕೆರೆ. ಇಲ್ಲಿ ಹಾಕಿ ಕೋಲು ಅಪರೂಪ. ಆಡುವುದು ಕಬಡ್ಡಿ, ಖೊಖೊ, ವಾಲಿಬಾಲ್, ಥ್ರೋಬಾಲ್, ಬಿಡುವಿದ್ದಾಗಲೆಲ್ಲ ಕ್ರಿಕೆಟ್. ಆದ್ದರಿಂದ ಇಲ್ಲಿ ‘ಹಾಕಿ ಸುದ್ದಿ’ಯನ್ನು ಮಾತ್ರ ಮಾರುತ್ತೇನೆಂದು ಹೊರಡುವುದು ಮರುಳುತನ. ಮಾರಬಹುದಾದದ್ದು ಹೋಬಳಿಯಿಂದ ರಾಜ್ಯದವರೆಗಿನ ಶಾಲಾ ಆಟದ ಸಮಗ್ರ ದಾಖಲೆ.

ಆ ದಾಖಲೆ ಈಗ ಎಲ್ಲೂ ಒಂದೆಡೆ ಸಿಗದು. ಶಾಲಾ ಕ್ರೀಡಾಕೂಟ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲೇರುತ್ತದೆ. ಇದರಲ್ಲೂ ಒಂದು ತೊಡಕಿದೆ. ತುಮಕೂರು ಕಂದಾಯ ಜಿಲ್ಲೆಯಲ್ಲಿ ತುಮಕೂರು, ಮಧುಗಿರಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳು. ‘ಜಿಲ್ಲಾ ಮಟ್ಟದಲ್ಲಿ ಪ್ರಥಮ’ ಎಂದಷ್ಟೇ ಬರೆದರೆ ಶಿರಾ, ಪಾವಗಡದವರನ್ನೂ ಸೋಲಿಸಿ ಬಂದರೋ, ತುಮಕೂರು ಶೈಕ್ಷಣಿಕ ಜಿಲ್ಲೆಯೊಳಗೇ ಗೆದ್ದರೋ ತಿಳಿಯದು. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಮೂರೂ ತುಮಕೂರು ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಹಣ ಪಡೆದು ಬರೆಯುವವನು ಕನಿಷ್ಠ ಇಷ್ಟು ಬಿಡಿಸಿ ಹೇಳಬೇಕು.

ಶಾಲೆಯ ಆಚೆಗೆ ಹೊನಲು ಬೆಳಕಿನ ಪಂದ್ಯಾವಳಿಗಳಿವೆ. ಅವು ನಡೆಯುವುದು ದಾನಿಗಳ ಹಣದಲ್ಲಿ: ಮೊದಲ ಬಹುಮಾನ ಒಬ್ಬರದು, ಟ್ರೋಫಿ ಮತ್ತೊಬ್ಬರದು, ಊಟ ಇನ್ನೊಬ್ಬರದು. ಫ್ಲೆಕ್ಸ್ ತುಂಬ ಅವರ ಮುಖಗಳು. ಆಟಗಾರರ ಹೆಸರು ಮಾತ್ರ ಮೈಕಿನಲ್ಲಿ ಕೂಗಿದವನ ಬಾಯಲ್ಲೇ ಕರಗಿ ಹೋಗುತ್ತದೆ. ಈ ದಾನಿಗಳೇ ಸುದ್ದಿಗೂ ದುಡ್ಡು ಕೊಟ್ಟರೆ ಆಗದೇ ಎಂದು ಕೇಳಬಹುದು. ಕೊಟ್ಟರೆ ಸುದ್ದಿಯೂ ಫ್ಲೆಕ್ಸೇ ಆಗುತ್ತದೆ. ಅಂಪೈರ್ ತೀರ್ಪಿನ ಮೇಲೆ ಜಗಳವಾಗಿ ಪಂದ್ಯ ನಿಂತದ್ದನ್ನು ಬರೆಯಲು ದಾನಿಯ ಹಂಗಿಲ್ಲದವನು ಬೇಕು. ನೂರಾರು ಮನೆಗಳ ಸಣ್ಣ ಚಂದಾ ಒಬ್ಬರ ದೊಡ್ಡ ದೇಣಿಗೆಗಿಂತ ಮೇಲು ಎನ್ನುವುದು ಈ ಕಾರಣಕ್ಕೆ.

ದರ ಎಷ್ಟಿರಬೇಕು? ಉದಾಹರಣೆಗೆ ದಿನಕ್ಕೊಂದು ರೂಪಾಯಿಯಂತೆ ವರ್ಷಕ್ಕೆ 365 ಎಂದಿಟ್ಟುಕೊಳ್ಳೋಣ. 300 ಮನೆಯವರು ಕಟ್ಟಿದರೆ 1,09,500 ರೂಪಾಯಿ. ಒಬ್ಬ ಪೂರ್ಣಾವಧಿ ವರದಿಗಾರನ ಸಂಬಳಕ್ಕೆ ಇದು ಸಾಲದು. ಪಂದ್ಯದ ದಿನಗಳಲ್ಲಿ ಬೈಕಿನ ಪೆಟ್ರೋಲು, ಮೊಬೈಲ್ ಡೇಟಾ, ತಾಣದ ಖರ್ಚು, ಅಂಕ ಬರೆಯುವ ಇಬ್ಬರು ಕಾಲೇಜು ಹುಡುಗರ ಗೌರವಧನಕ್ಕೆ ಸಾಕು. ಇದಕ್ಕಿಂತ ಹೆಚ್ಚಿನ ಕನಸು ಕಾಣುವವರು ಹಂದನಕೆರೆಯೊಂದನ್ನೇ ನೆಚ್ಚದೆ ಮೂರು ತಾಲ್ಲೂಕು ಸೇರಿಸಿಕೊಂಡು ಹೊರಡಬೇಕು.

ಇಲ್ಲಿ ತಿಂಗಳ ಚಂದಾ ಹೊಂದುವುದಿಲ್ಲ. ತಿಂಗಳ ಸಂಬಳದ ಮನೆಗಳು ಕಡಿಮೆ. ತೆಂಗಿನಕಾಯಿ ಅಟ್ಟ ಸೇರಿ ತಿಂಗಳುಗಟ್ಟಲೆ ಕೂತು ಉಂಡೆ ಕೊಬ್ಬರಿಯಾಗಿ, ಸುಲಿಸಿಕೊಂಡು ತಿಪಟೂರಿನ ಎಪಿಎಂಸಿ ಹರಾಜಿಗೆ ಹೋದ ಮೇಲೆ ಕೈಗೆ ಕಾಸು. ಆ ಕಾಸಿನ ಏರಿಳಿತವೂ ವಿಪರೀತ. 2023ರಲ್ಲಿ ಧಾರಣೆ ಬೆಂಬಲ ಬೆಲೆಗಿಂತ ಕೆಳಗೆ ಕುಸಿದು ರೈತರು ನಾಫೆಡ್ ಖರೀದಿಗಾಗಿ ಕಾದರು. 2025ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,100 ಇದ್ದಾಗ ಮಾರುಕಟ್ಟೆ ಧಾರಣೆ ಅದರ ದುಪ್ಪಟ್ಟು ದಾಟಿತು. ಧಾರಣೆ ಬಿದ್ದ ವರ್ಷ ಮೊದಲು ಕತ್ತರಿಸುವ ಖರ್ಚೇ ಚಂದಾ. ಆದ್ದರಿಂದ ವರ್ಷಕ್ಕೊಮ್ಮೆ, ಕೊಬ್ಬರಿ ಮಾರಿದ ಮೇಲೆ ಕಟ್ಟುವ ಅನುಕೂಲ ಇರಬೇಕು. ಒಳ್ಳೆಯ ವರ್ಷ ಬಂದ ಹಣದಲ್ಲಿ ಕೆಟ್ಟ ವರ್ಷಕ್ಕೂ ಒಂದಿಷ್ಟು ಎತ್ತಿಡಬೇಕು.

ಬೀಗ ಯಾವುದಕ್ಕೆ

ಫಲಿತಾಂಶಕ್ಕೆ ಬೀಗ ಹಾಕಬಾರದು. ಹಾಕಿದರೂ ನಿಲ್ಲದು, ಒಬ್ಬ ಕಟ್ಟಿ ನೋಡಿದ್ದು ಅರ್ಧ ಗಂಟೆಯಲ್ಲಿ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಸರ್ಕಾರಿ ಶಾಲೆಯ ಕೂಲಿಯವರ ಮಗಳು ಗೆದ್ದದ್ದನ್ನು ಅವಳ ಅವ್ವನೇ ದುಡ್ಡು ಕೊಟ್ಟು ನೋಡಬೇಕಾದರೆ ಆ ತಾಣ ಇಲ್ಲದಿರುವುದೇ ಲೇಸು. ಸದಸ್ಯರಿಗೆಂದು ಇಡಬಹುದಾದದ್ದು ಬೇರೆ: ಪಂದ್ಯದ ಪೂರ್ಣ ವಿಡಿಯೊ, ವರ್ಷಾಂತ್ಯದ ಅಚ್ಚಾದ ಸಂಚಿಕೆ, ತಂಡದ ಹಳೆಯ ವರ್ಷಗಳ ದಾಖಲೆ, ಕ್ರೀಡಾಶಾಲೆ ಮತ್ತು ಕ್ರೀಡಾ ವಸತಿನಿಲಯಗಳ ಆಯ್ಕೆಯ ವೇಳಾಪಟ್ಟಿಯನ್ನು ಮೊದಲೇ ಫೋನಿಗೆ ತಲುಪಿಸುವ ಸೇವೆ. ಕೊನೆಯದಕ್ಕೆ ಹಳ್ಳಿಯ ಪೋಷಕರು ಖಂಡಿತ ದುಡ್ಡು ಕೊಟ್ಟಾರು, ಏಕೆಂದರೆ ಆಯ್ಕೆಯ ದಿನ ಮುಗಿದ ಮೇಲೆ ವಿಷಯ ತಿಳಿಯುವುದೇ ಇಲ್ಲಿ ವಾಡಿಕೆ.

ಒಂದು ಭ್ರಮೆ ಮಾತ್ರ ಮಾರಬಾರದು. ವೃತ್ತಿಪರ ಕೋರ್ಸುಗಳ ಕ್ರೀಡಾ ಕೋಟಾಕ್ಕೆ ಲೆಕ್ಕಕ್ಕೆ ಬರುವುದು ಮಾನ್ಯತೆ ಪಡೆದ ಕ್ರೀಡಾಕೂಟದ ಪ್ರಮಾಣಪತ್ರ, ಸುದ್ದಿಯ ತುಣುಕಲ್ಲ.

ಹಣ ಬರುವ ದಾರಿ

2016ರಲ್ಲಿ ಯುಪಿಐ ಬಂದ ಮೇಲೆ ಸಣ್ಣ ಮೊತ್ತ ಪಡೆಯುವುದು ಸುಲಭವಾಗಿದೆ. ಯುಪಿಐ ಪಾವತಿಗೆ 2020ರ ಜನವರಿಯಿಂದ ವ್ಯಾಪಾರಿ ಶುಲ್ಕವಿಲ್ಲ. ಅದೇ ವರ್ಷ ಬಂದ ಆಟೋಪೇ ವ್ಯವಸ್ಥೆಯಲ್ಲಿ ಚಂದಾ ತಾನಾಗಿ ಕಡಿತವಾಗುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಡಿತಕ್ಕೆ 24 ಗಂಟೆ ಮುಂಚೆ ಗ್ರಾಹಕನಿಗೆ ಸೂಚನೆ ಹೋಗಬೇಕು. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ.

ಹೊರದೇಶದಲ್ಲಿರುವ ಊರಿನವರ ಹಣದಲ್ಲಿ ಎಚ್ಚರ ಬೇಕು. ಸುದ್ದಿ ಪ್ರಕಟಿಸುವವರು ವಿದೇಶಿ ಮೂಲದ ದೇಣಿಗೆ ಪಡೆಯುವುದಕ್ಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ತಡೆಯಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ದುಬೈಯಲ್ಲಿ ದುಡಿಯುವ ಮಗ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದ ಮಗಳು ಕೊಟ್ಟದ್ದು ಆಗುತ್ತದೆ. ಸೇವೆಗೆ ಪ್ರತಿಯಾಗಿ ಪಡೆಯುವ ಚಂದಾ ಬೇರೆ, ದೇಣಿಗೆ ಬೇರೆ ಎಂದು ಮೊದಲೇ ಹೇಳಿದ್ದು ಇದಕ್ಕಾಗಿಯೇ. ರಸೀದಿ ಪುಸ್ತಕ ಅಚ್ಚು ಹಾಕಿಸುವ ಮುನ್ನ ಆಡಿಟರನ್ನು ಒಮ್ಮೆ ಕಂಡು ಬರುವುದು ಒಳ್ಳೆಯದು.

ಮಕ್ಕಳ ಹೆಸರು, ಮುಖ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕು. ಮಕ್ಕಳನ್ನು ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. ಶಾಲಾ ಆಟದ ತಾಣ ನಡೆಸುವವರು ಫೋಟೊಕ್ಕೆ ಮೊದಲೇ ಶಾಲೆಯ ಮೂಲಕ ಒಪ್ಪಿಗೆ ಪತ್ರ ಪಡೆಯಬೇಕು, ಮನೆ ವಿಳಾಸ, ಫೋನ್ ಸಂಖ್ಯೆ ಎಲ್ಲೂ ಹಾಕಬಾರದು. ತರಬೇತಿಯ ಹೆಸರಲ್ಲಿ ದೌರ್ಜನ್ಯ ನಡೆದ ಪ್ರಕರಣವಾದರೆ ಮಗುವಿನ ಗುರುತು ಹೊರಗೆಡಹುವುದು ಪೋಕ್ಸೊ ಕಾಯ್ದೆಯಡಿ ಅಪರಾಧ. ಸೋತ ಹುಡುಗನನ್ನು ಹೆಸರಿಟ್ಟು ಹೀಯಾಳಿಸುವುದಕ್ಕೆ ಕಾಯ್ದೆ ಬೇಕಿಲ್ಲ, ಬುದ್ಧಿ ಸಾಕು.

ಕಟ್ಟುವ ಮುನ್ನ

ನಿಮ್ಮ ತಾಲ್ಲೂಕಿನಲ್ಲಿ ಯಾರಾದರೂ ಇಂಥ ತಾಣಕ್ಕೆ ಚಂದಾ ಕೇಳಿದರೆ, ಕಳೆದ ಸಾಲಿನ ಹೋಬಳಿ ಮಟ್ಟದ ಎಲ್ಲ ಪಂದ್ಯಗಳ ಅಂಕಪಟ್ಟಿ ತೋರಿಸಿ ಎನ್ನಿ. ಸೋತ ತಂಡಗಳ ಹೆಸರೂ, ಬಾಲಕಿಯರ ಪಂದ್ಯವೂ ಅದರಲ್ಲಿದ್ದರೆ ಧೈರ್ಯವಾಗಿ ಒಂದು ವರ್ಷಕ್ಕೆ ಕಟ್ಟಿ, ರಸೀದಿ ಕೇಳಿ ಪಡೆಯಿರಿ. ಇನ್ನೂ ಯಾರೂ ಶುರು ಮಾಡಿಲ್ಲವಾದರೆ ನಿಮ್ಮ ಶಾಲೆಯ ದೈಹಿಕ ಶಿಕ್ಷಕರ ಬಳಿ ಇರುವ ಹಳೆಯ ಸ್ಕೋರ್ ಹಾಳೆಗಳನ್ನು ರದ್ದಿಗೆ ಹೋಗದಂತೆ ಎತ್ತಿಡಿಸಿ.