ಒಂದು ಹಳೇದು, ಒಂದು ಹೊಸದು

ಆಫೀಸಿನ ಐದು ಜನ ಗೆಳೆಯರು ಕಲಬುರಗಿಗೆ ಹೊರಟಿದ್ದರು. ನಾನು ಆಳಂದ ತಾಲ್ಲೂಕಿನವನು ಅನ್ನೋ ಕಾರಣಕ್ಕೆ ನೋಡುವ ಜಾಗಗಳ ಪಟ್ಟಿ ಮಾಡೋ ಕೆಲಸ ನನ್ನ ಪಾಲಿಗೆ ಬಂತು. ಬಹಮನಿ ಕೋಟೆ, ಬಂದೇನವಾಜ್ ದರ್ಗಾ, ಆಳಂದದ ಲಾಡ್ಲೆ ಮಶಾಕ್ ದರ್ಗಾ, ಅಫಜಲಪುರ ತಾಲ್ಲೂಕಿನ ಗಾಣಗಾಪುರ ಎಲ್ಲಾ ಬರೆದುಕೊಟ್ಟೆ. ಆಮೇಲೆ ಒಬ್ಬ ಕೇಳಿದ: “ಸಂಜೆ ಕೂರೋಕೆ ಎರಡು ಜಾಗ ಹೇಳು ಮಾರಾಯ. ಒಂದು ಹಳೇದು, ಒಂದು ಹೊಸದು. ಅಷ್ಟು ಹಳೇ ಊರು ಅಂತೀಯಲ್ಲ!”

ಬೆಂಗಳೂರಿಗೆ ಇಂಥ ಪಟ್ಟಿ ಮಾಡೋದು ಸುಲಭ. ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವ 1915ರಲ್ಲಿ ದಕ್ಷಿಣದ ಕೆಲವು ಬಿಯರ್ ಕಂಪನಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ದಂಡು ಪ್ರದೇಶದಲ್ಲಿ 1933ರಲ್ಲಿ ಶುರುವಾದ ಡ್ಯೂವರ್ಸ್ ಬಾರ್ ಈಗಿಲ್ಲ, ಆದರೆ ಅದರ ಬೆತ್ತದ ಕುರ್ಚಿಗಳನ್ನು ನೆನೆಯುವವರು ಇನ್ನೂ ಇದ್ದಾರೆ. ರೆಸ್ಟ್‌ಹೌಸ್ ರಸ್ತೆಯ ಪೆಕೋಸ್ 1989ರದ್ದು. ಇಂದಿರಾನಗರದ ಟಾಯ್ಟ್ 2010ರದ್ದು, ಬಿಯರನ್ನು ಅಲ್ಲೇ ಕಾಯಿಸಿ ಅಲ್ಲೇ ಬಡಿಸುತ್ತಾರೆ. ಹಳೇದು, ಹೊಸದು ಎರಡಕ್ಕೂ ಬೋರ್ಡಿದೆ, ಇಸವಿಯಿದೆ.

ಕಲಬುರಗಿಯಲ್ಲಿ? ಹೊಸದಕ್ಕೇನೂ ತೊಂದರೆಯಿಲ್ಲ. ಬೋರ್ಡಿನ ಮೇಲೆ ಸಿಎಲ್-9 ಅಂತಿದ್ದರೆ ಬಾರ್, ಸಿಎಲ್-7 ಅಂತಿದ್ದರೆ ಲಾಡ್ಜಿನ ಬಾರ್. ಎರಡರಲ್ಲೂ ಕೂತು ಕುಡಿಯಬಹುದು. ಸಿಎಲ್-2 ಅಂತಿದ್ದರೆ ಕೊಂಡು ಹೊರಡಬೇಕು, ಕೂರುವ ಹಾಗಿಲ್ಲ. ಹಳೇದನ್ನು ಹುಡುಕಲು ಹೋದಾಗಲೇ ನಾನು ಸಿಕ್ಕಿಹಾಕಿಕೊಂಡದ್ದು.

ಕುಡಿತದ ಇತಿಹಾಸವೇನೋ ನಮ್ಮೂರಿಗೆ ಬೇಕಾದಷ್ಟಿದೆ. ಬಹಮನಿ ಸುಲ್ತಾನ ಮೊದಲನೇ ಮಹಮ್ಮದ್ ಶಾ 1366ರಲ್ಲಿ ಒಂದು ಸಂಜೆ ಅಮಲಿನಲ್ಲಿ ಹಾಡು ಕೇಳುತ್ತಾ, ಗಾಯಕರ ಸಂಭಾವನೆಯನ್ನು ವಿಜಯನಗರದ ಖಜಾನೆಯಿಂದ ಕೊಡಿಸಿ ಅಂತ ಚೀಟಿ ಬರೆಸಿದನಂತೆ. ಕುಡಿದ ಮಾತು ಅಂತ ಮಂತ್ರಿ ಚೀಟಿಯನ್ನು ತನ್ನ ಹತ್ತಿರವೇ ಇಟ್ಟುಕೊಂಡ. ಮರುದಿನ ಅಮಲು ಇಳಿದಿತ್ತು, ಹಟ ಇಳಿದಿರಲಿಲ್ಲ. ಚೀಟಿ ಹೋಯಿತು, ಅದನ್ನು ಒಯ್ದವನನ್ನು ಬುಕ್ಕರಾಯ ಕತ್ತೆಯ ಮೇಲೆ ಮೆರವಣಿಗೆ ಮಾಡಿಸಿದ. ಯುದ್ಧವಾಯಿತು, ಮುದಗಲ್ಲು ಸುತ್ತಮುತ್ತ ರಕ್ತ ಹರಿಯಿತು. ಮುಂದೆ ಇದೇ ಸುಲ್ತಾನ ದೌಲತಾಬಾದಿನ ಸೂಫಿ ಜೈನುದ್ದೀನರ ಮಾತಿಗೆ ಮಣಿದು ರಾಜ್ಯದ ಹೆಂಡದಂಗಡಿಗಳನ್ನೆಲ್ಲ ಮುಚ್ಚಿಸಿದನಂತೆ. ಇದನ್ನೆಲ್ಲ ಬರೆದವನು ವಿಜಯಪುರದ ಆಸ್ಥಾನದಲ್ಲಿದ್ದ ಫೆರಿಷ್ತಾ, ಅದೂ ಇನ್ನೂರು ವರ್ಷದ ಮೇಲೆ. ಹಾಗಾಗಿ ಸ್ವಲ್ಪ ಉಪ್ಪು-ಖಾರ ಸೇರಿರಬಹುದು. ಆದರೂ ನೋಡಿ, ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು, ಇವತ್ತಿಗೂ ನಿಂತಿದೆ. ಸುಲ್ತಾನ ಕೂತು ಕುಡಿದ ಜಾಗ ಯಾವುದು ಅಂತ ತೋರಿಸೋರು ಯಾರೂ ಇಲ್ಲ.

ಜನ ಕುಡಿದ ಜಾಗ ಅದಕ್ಕಿಂತಲೂ ಬೇಗ ಅಳಿಸಿಹೋಯಿತು. ಅದು ಈಚಲು ಗಿಡದ ಬುಡ. ಸರ್ಕಾರಿ ಕಾಗದದಲ್ಲಿ ಸೇಂದಿ, ನಮ್ಮ ಬಾಯಲ್ಲಿ ಶಿಂದಿ. ಸಂಜೆ ಗಿಡ ಕೆತ್ತಿ ಗಡಿಗೆ ಕಟ್ಟಿದರೆ ಬೆಳಗಾಗುವ ಹೊತ್ತಿಗೆ ಸಿಹಿ ರಸ. ಬಿಸಿಲೇರಿದಂತೆ ಅದು ತಾನೇ ಹುಳಿತು ನೊರೆ ಬಂದು ಶಿಂದಿಯಾಗುತ್ತದೆ. ಮರುದಿನಕ್ಕೆ ಬಾಯಿಗಿಡಲಾಗದಷ್ಟು ಹುಳಿ. ಬಾಟಲಿಗೆ ಹಾಕಿ ದೂರ ಕಳಿಸೋ ಹಾಗಿಲ್ಲ, ವರ್ಷಗಟ್ಟಲೆ ಇಡೋ ಹಾಗಿಲ್ಲ. ಗಿಡ ಇದ್ದಲ್ಲಿಗೇ ಕುಡಿಯುವವನು ಹೋಗಬೇಕು. ಅದಕ್ಕೇ ಶಿಂದಿ ಅಂಗಡಿ ಅಂದರೆ ನಾಲ್ಕು ಕಂಬದ ಚಪ್ಪರ, ಅದಕ್ಕೊಂದು ಬೋರ್ಡೂ ಇರಲಿಲ್ಲ. ನಿಜಾಮರ ಕಾಲದಲ್ಲಿ ಸರ್ಕಾರದ ಬೊಕ್ಕಸಕ್ಕೆ ಆಬಕಾರಿ ದೊಡ್ಡ ಆದಾಯ. ಆದರೆ ಅದನ್ನು ಹುಟ್ಟಿಸಿದ ಚಪ್ಪರಗಳ ಗುರುತು ಒಂದೂ ಉಳಿಯಲಿಲ್ಲ.

ಚಿಕ್ಕವನಿದ್ದಾಗ ನಮ್ಮೂರ ಹಳ್ಳದ ದಂಡೆಯಲ್ಲಿ ಇಂಥದ್ದೊಂದು ಚಪ್ಪರ ನೋಡಿದ್ದೇನೆ. 2000ದ ದಶಕದಲ್ಲಿ ಕರಾವಳಿ ಬಿಟ್ಟು ರಾಜ್ಯದ ಉಳಿದ ಕಡೆ ಸೇಂದಿ ಇಳಿಸುವುದು ನಿಂತಿತು. ಅದಕ್ಕೆ ಕಾರಣವೂ ಇತ್ತು: ಶಿಂದಿಯ ಹೆಸರಲ್ಲಿ ಕ್ಲೋರಲ್ ಹೈಡ್ರೇಟ್ ಬೆರೆಸಿದ ನೀರು ಮಾರುವ ದಂಧೆ ನಡೆದಿತ್ತು. 2007ರ ಜುಲೈ 1ರಿಂದ ಪ್ಯಾಕೆಟ್ ಸಾರಾಯಿಯೂ ನಿಷೇಧವಾಯಿತು. ಕುಡಿತ ಮಾತ್ರ ನಿಲ್ಲಲಿಲ್ಲ. ಶಿಂದಿ ಕುಡಿಯುತ್ತಿದ್ದವರ ಕೈಗೆ ಕ್ವಾರ್ಟರ್ ಬಾಟಲಿ ಬಂತು.

ಪಟ್ಟಿಗೆ ಹಳೇ ಜಾಗ ಸಿಗಲಿಲ್ಲ ಅಂತ ಜೇವರ್ಗಿ ತಾಲ್ಲೂಕಿನ ಹಳ್ಳಿಯಲ್ಲಿರುವ ಅತ್ತೆಗೆ ಫೋನ್ ಮಾಡಿದೆ. ಅತ್ತೆಗೆ ಕೇಳೋ ಪ್ರಶ್ನೆ ಇದಲ್ಲ ಅಂತ ಗೊತ್ತಿತ್ತು. ಮಾವ ಕುಡಿದೇ ತೀರಿಕೊಂಡವರು.

ಅತ್ತೆ ಸಿಟ್ಟಾಗಲಿಲ್ಲ. “ಶಿಂದಿ ಕುಡದು ಬಂದ್ರ ನಿಮ್ಮ ಮಾವ ಮಲಗತಿದ್ದ ತಮ್ಮಾ. ಸಾರಾಯಿ ಬಂದಮ್ಯಾಗ ಮನ್ಯಾಗಿನ ರೊಕ್ಕ ಹೋದ್ವು. ಕ್ವಾರ್ಟರ್ ಬಂದಮ್ಯಾಗ ಹೊಲಾ ಹೋತು,” ಅಂದರು. ನಾನು ಓದಿದ ಅಬಕಾರಿ ಇತಿಹಾಸವೆಲ್ಲ ಮೂರು ಮಾತಲ್ಲಿ ಮುಗಿದುಹೋಯಿತು.

ಇಲ್ಲಿ ನನ್ನದೂ ಒಂದು ಮಾತು ಹೇಳಬೇಕು. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಅಂತ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದುಬಂದರು. ಅವರಲ್ಲಿ ನಮ್ಮತ್ತೆಯೂ ಇದ್ದರು. ಊರು ಮುಟ್ಟುವ ಹಿಂದಿನ ಸಂಜೆ ಫೋನ್ ಮಾಡಿ, “ಎಲ್ಲಿದ್ದಿ ತಮ್ಮಾ, ಭಾಳ ಗದ್ದಲ ಕೇಳಲಾಕತ್ತದ?” ಅಂದರು. ನಾನು ಬ್ರೂಪಬ್ಬಿನಲ್ಲಿದ್ದೆ, ಕೈಯಲ್ಲಿ ಗ್ಲಾಸಿತ್ತು. “ಆಫೀಸ್‌ದಾಗ ಇದ್ದೀನಿ ಅತ್ತಿ,” ಅಂದೆ. ಮರುದಿನ ಬೊಕ್ಕೆ ಎದ್ದ ಅವರ ಕಾಲಿಗೆ ಮುಲಾಮು ತಗೊಂಡು ಹೋದಾಗಲೂ ನಿಜ ಹೇಳಲಿಲ್ಲ.

ಈ ಸಲ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ನಂಗೊತ್ತಿತ್ತು ಬಿಡು. ಆಫೀಸ್‌ದಾಗ ಯಾರರ ಹಂಗ ನಗತಾರೇನು?” ಅಂದರು. ಆಮೇಲೆ ಕೇಳಿದರು: “ದಿನಾ ಕುಡೀತಿಯೇನು?” ಇಲ್ಲ ಅಂದೆ. ಅದು ನಿಜ. ಅವರು ನಂಬಿದರೋ ಇಲ್ಲವೋ, ಕೇಳೋ ಧೈರ್ಯವಾಗಲಿಲ್ಲ.

ನಾನು ಈಗಲೂ ಬಿಯರ್ ಕುಡಿಯುತ್ತೇನೆ. ಎಲ್ಲಾ ಮುಚ್ಚಿ ಅನ್ನೋ ಅತ್ತೆಯ ಬೇಡಿಕೆಯನ್ನು ಪೂರ್ತಿ ಒಪ್ಪಲಾರೆ. ಮುಚ್ಚಿದಾಗ ಏನಾಗುತ್ತೆ ಅಂತ ಇತಿಹಾಸ ಹೇಳುತ್ತದೆ. ತೆರೆದಾಗ ಏನಾಗುತ್ತೆ ಅಂತ ಅತ್ತೆಯ ಹೊಲ ಹೇಳುತ್ತದೆ. ನನ್ನಂಥವನಿಗೆ ಪಬ್ ಅನ್ನೋದು ಶನಿವಾರದ ಆಯ್ಕೆ. ಅವರ ಪಾಲಿಗೆ ಅದು ಆಯ್ಕೆಯಾಗಿ ಯಾವತ್ತೂ ಬರಲಿಲ್ಲ.

ಕೊನೆಗೆ ಗೆಳೆಯರಿಗೆ ಪಟ್ಟಿ ಕಳಿಸಿದೆ. ಹೊಸದು: ನೀವು ಉಳಿಯೋ ಲಾಡ್ಜಿನ ಬಾರ್, ಕುಡಿದು ಗಾಡಿ ಓಡಿಸೋ ಪ್ರಸಂಗ ಬರೋದಿಲ್ಲ. ಹಳೇದು: ಹಳ್ಳದ ದಂಡೆಯಲ್ಲಿ ಹಳೇ ಈಚಲು ಗಿಡ ಕಂಡರೆ ಗಾಡಿ ನಿಲ್ಲಿಸಿ ಬೊಡ್ಡೆ ನೋಡಿ. ಒಂದು ಸಲ ಈ ಮಗ್ಗುಲು, ಒಂದು ಸಲ ಆ ಮಗ್ಗುಲು, ಮೆಟ್ಟಿಲ ಹಾಗೆ ಕೆತ್ತಿದ ಗುರುತಿರುತ್ತದೆ. ಕುಡಿಯೋಕೆ ಅಲ್ಲೇನೂ ಸಿಗೋದಿಲ್ಲ. ನಮ್ಮೂರಿನ ಹಳೇ ಪಬ್ ಅದೇ.