ಉಪಧಾಶುದ್ಧಿ: ಗುಟ್ಟು ಕಾಯುವವರ ಪರೀಕ್ಷೆ

ರಾಜ್ಯದ ಗುಟ್ಟನ್ನು ಬಲ್ಲವನ ನಿಷ್ಠೆಯನ್ನು ಅಳೆಯುವುದು ಹಳೆಯ ಸಮಸ್ಯೆ. ಕೌಟಿಲ್ಯನು ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯಗಳೆಂಬ 4 ಉಪಧೆಗಳಿಂದ, ಎಂದರೆ ಗುಪ್ತವಾಗಿ ಒಡ್ಡಿದ ಆಮಿಷ-ಬೆದರಿಕೆಗಳಿಂದ, ಪರೀಕ್ಷಿಸಬೇಕೆಂದನು. ಎಲ್ಲದರಲ್ಲೂ ಶುದ್ಧನಾದವನಿಗೆ ಮಾತ್ರ ಮಂತ್ರಿಪದವಿ. 10ನೆಯ ಶತಮಾನದ ಜೈನಾಚಾರ್ಯ ಸೋಮದೇವಸೂರಿಯ ‘ನೀತಿವಾಕ್ಯಾಮೃತ’ವೂ ಮಂತ್ರಿಯಲ್ಲಿ ಈ ಶುದ್ಧಿಯನ್ನೇ ಬಯಸುತ್ತದೆ. ಆದರೆ ತಿಳಿನೀರಿಗೆ ವಿಷ ಬೆರೆಸಿದಂತೆ ಪರೀಕ್ಷೆಯೇ ನಿರ್ದೋಷಿಯನ್ನು ಕೆಡಿಸೀತೆಂದು ಕೌಟಿಲ್ಯನು ಎಚ್ಚರಿಸಿದ್ದಾನೆ.

ಇಂದು ನೌಕರನಿಗೆ ಪೊಲೀಸರ ಪೂರ್ವಾಪರ ಪರಿಶೀಲನೆಯಿದೆ, ಸಚಿವನಿಗೆ ಗೋಪ್ಯತೆಯ ಪ್ರಮಾಣವಚನವಿದೆ. ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯ ಕೆಂಗಲ್ ಹನುಮಂತಯ್ಯನವರು 1952ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ ಈ ಪ್ರಮಾಣವನ್ನೇ ಸ್ವೀಕರಿಸಿದರು. ಮುಂದೆ ಕೇಂದ್ರದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು. ವೀರಪ್ಪ ಮೊಯಿಲಿಯವರ ಎರಡನೆಯ ಆಯೋಗವು 2006ರಲ್ಲಿ ಅದರ ಬದಲು ಪಾರದರ್ಶಕತೆಯ ಪ್ರಮಾಣವನ್ನು ಸೂಚಿಸಿತು. ನಿಷ್ಠೆಯ ಪರೀಕ್ಷೆ ನಾಡಿನ ಗುಟ್ಟನ್ನು ಕಾಯಲಿ. ಅಧಿಕಾರದ ತಪ್ಪನ್ನು ಮುಚ್ಚದಿರಲಿ.