ಬ್ಯಾಕ್ಟೀರಿಯಾದೊಳಗೆ ಅಪರೂಪದ ಲೋಹ ಸೇರಿಸುತ್ತಾರಂತೆ, ನಿಜವೇ?

‘ವಿಜ್ಞಾನಿಗಳು ಬ್ಯಾಕ್ಟೀರಿಯಾಗೆ ಲೋಹ ತುಂಬುತ್ತಿದ್ದಾರೆ’ ಎಂಬ ಒಂದು ಸಾಲು ಮೊಬೈಲ್‌ಗೆ ಬಂದರೆ ಯಾರಿಗಾದರೂ ಗಾಬರಿಯಾಗುತ್ತದೆ. ಇದರಲ್ಲಿ ನಿಜ ಎಷ್ಟು, ತಪ್ಪು ತಿಳಿವಳಿಕೆ ಎಷ್ಟು? ನೋಡೋಣ.

ಪ್ರೋಟೀನ್‌ನಲ್ಲಿ ಲೋಹ ಇರುತ್ತದೆಯೇ?

ಹೌದು, ನಮ್ಮ ದೇಹದಲ್ಲೇ ಇದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರುವುದು ಅದರಲ್ಲಿರುವ ಕಬ್ಬಿಣದಿಂದಲೇ. ಹೀಗೆ ಪ್ರೋಟೀನ್ ಜೊತೆಗೂಡಿ ಅದರ ಕೆಲಸ ಸಾಧ್ಯವಾಗಿಸುವ ಅಂಶವನ್ನು ಕೋಫ್ಯಾಕ್ಟರ್ ಎನ್ನುತ್ತಾರೆ. ಜೀವಿಗಳು ಕಬ್ಬಿಣ, ಸತು, ತಾಮ್ರದಂಥ ಕೆಲವೇ ಲೋಹಗಳನ್ನು ಬಳಸುತ್ತವೆ. ರುಥೇನಿಯಂ ಆ ಪಟ್ಟಿಯಲ್ಲಿಲ್ಲ. ಆದರೆ ರಾಸಾಯನಿಕ ಕ್ರಿಯೆಗಳನ್ನು ನಡೆಸಲು ಅದು ಬಹಳ ಉಪಯುಕ್ತ.

ಹಾಗಾದರೆ ಮಾಡಿದ್ದೇನು?

ಸ್ವಿಟ್ಜರ್ಲೆಂಡ್‌ನ ಬಾಸೆಲ್ ವಿಶ್ವವಿದ್ಯಾಲಯ ಮತ್ತು ಇಟಿಎಚ್ ಜ್ಯೂರಿಕ್‌ನ ವಿಜ್ಞಾನಿಗಳು 2016ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್ ಬಯೋಟಿನ್ ಅನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬಯೋಟಿನ್ ಎಂದರೆ ಕೂದಲಿಗೆ ಒಳ್ಳೆಯದೆಂದು ಮಾರುವ ಮಾತ್ರೆಗಳಲ್ಲಿರುವ ವಿಟಮಿನ್ ಬಿ7. ವಿಜ್ಞಾನಿಗಳು ಬಯೋಟಿನ್‌ಗೆ ರುಥೇನಿಯಂ ಜೋಡಿಸಿ, ಸ್ಟ್ರೆಪ್ಟಾವಿಡಿನ್ ತಯಾರಿಸುವ ಇ. ಕೋಲಿ ಬ್ಯಾಕ್ಟೀರಿಯಾಗೆ ಕೊಟ್ಟರು. ಪ್ರೋಟೀನ್ ಬಯೋಟಿನ್ ಅನ್ನು ಹಿಡಿಯಿತು, ಅದರ ಜೊತೆ ಲೋಹವೂ ಬಂತು.

ಇಲ್ಲೊಂದು ತೊಡಕಿತ್ತು. ಜೀವಕೋಶದೊಳಗಿನ ಗ್ಲುಟಾಥಯೋನ್ ಇಂಥ ಲೋಹವನ್ನು ನಿಷ್ಕ್ರಿಯಗೊಳಿಸುತ್ತದೆ. ಅದಕ್ಕೇ ಪ್ರೋಟೀನ್ ಅನ್ನು ಬ್ಯಾಕ್ಟೀರಿಯಾದ ಎರಡು ಪೊರೆಗಳ ನಡುವಿನ ಜಾಗಕ್ಕೆ ಕಳಿಸಿದರು. ಅಲ್ಲಿ ಮೆಟಾಥೆಸಿಸ್ ಎಂಬ ಕ್ರಿಯೆ ನಡೆದು, ಹೊಳೆಯುವ ವಸ್ತುವೊಂದು ತಯಾರಾಯಿತು. ಹೊಳಪು ಹೆಚ್ಚಿದ್ದರೆ ಪ್ರೋಟೀನ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಹೀಗೆ ಹಲವು ರೂಪಗಳನ್ನು ಪರೀಕ್ಷಿಸಿ ಉತ್ತಮವಾದದ್ದನ್ನು ಆರಿಸಿದರು. ಕಿಣ್ವಗಳನ್ನು ಈ ರೀತಿ ಸುಧಾರಿಸುವ ವಿಧಾನಕ್ಕಾಗಿ ಫ್ರಾನ್ಸೆಸ್ ಅರ್ನಾಲ್ಡ್ ಅವರಿಗೆ 2018ರಲ್ಲಿ ನೊಬೆಲ್ ಸಂದಿದೆ.

ಈ ಬ್ಯಾಕ್ಟೀರಿಯಾ ಹರಡಿದರೆ?

ಬ್ಯಾಕ್ಟೀರಿಯಾ ಲೋಹವನ್ನು ಸೃಷ್ಟಿಸುವುದಿಲ್ಲ. ಅದು ಒಡೆದು ಎರಡಾದಾಗ ಪ್ರೋಟೀನ್‌ನ ಜೀನ್ ಮುಂದಿನ ಪೀಳಿಗೆಗೆ ಹೋಗುತ್ತದೆ, ಆದರೆ ಹೊಸದಾಗಿ ತಯಾರಾಗುವ ಪ್ರೋಟೀನ್‌ಗೆ ರುಥೇನಿಯಂ ಬೇಕೆಂದರೆ ಮನುಷ್ಯರೇ ಮತ್ತೆ ಕೊಡಬೇಕು.

ಬಯೋಟಿನ್ ಮಾತ್ರೆಯಲ್ಲಿ ಈ ಲೋಹ ಇದೆಯೇ?

ಇಲ್ಲ. ರುಥೇನಿಯಂ ಜೋಡಿಸಿದ್ದು ಪ್ರಯೋಗಾಲಯದಲ್ಲಿ, ಆ ಪ್ರಯೋಗಕ್ಕಾಗಿ ಮಾತ್ರ.

ಇದರಿಂದ ಏನು ಉಪಯೋಗ?

ಇನ್ಸುಲಿನ್ ಅನ್ನು ಇ. ಕೋಲಿಯಿಂದ ತಯಾರಿಸಿ 1982ರಿಂದಲೇ ಬಳಸುತ್ತಿದ್ದೇವೆ. ಅದು ದೇಹಕ್ಕೆ ಪರಿಚಿತ ಪ್ರೋಟೀನ್. ಇಲ್ಲಿ ಬ್ಯಾಕ್ಟೀರಿಯಾ, ಪ್ರಕೃತಿಯ ಯಾವ ಕಿಣ್ವವೂ ಮಾಡದ ಕ್ರಿಯೆಯನ್ನು ಕಲಿಯುತ್ತಿದೆ. ಔಷಧಿಗಳ ಕಚ್ಚಾವಸ್ತುಗಳನ್ನು ಮುಂದೆ ಹೀಗೆ ತಯಾರಿಸಬಹುದು ಎಂಬುದು ಆಸೆ. ಆದರೆ 2016ರ ಪ್ರಯೋಗ ತೋರಿಸಿದ್ದು ಇದು ಸಾಧ್ಯ ಎಂಬುದನ್ನಷ್ಟೇ, ಅದರಿಂದ ಬಂದದ್ದು ಔಷಧವಲ್ಲ.

ಆದ್ದರಿಂದ ‘ಬ್ಯಾಕ್ಟೀರಿಯಾಗೆ ಲೋಹ’ ಎಂಬುದು ನಿಜ. ಅದರ ಹಿಂದೆ ‘ನಿಮ್ಮ ಊಟದಲ್ಲಿದೆ’, ‘ಮಾತ್ರೆಯಲ್ಲಿದೆ’ ಎಂದು ಸೇರಿಸಿದ್ದರೆ ಫಾರ್ವರ್ಡ್ ಮಾಡಬೇಡಿ.